ಕಬ್ಬಿಣ ಸೋಕದ ಇದ್ದಲು

ನಮ್ಮವ್ವ ಇದ್ದಲನ್ನು ಕಣ್ಣಿಂದಲ್ಲ, ಕಿವಿಯಿಂದ ನೋಡುತ್ತಿದ್ದಳು. ಧನಗೆರೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಒರಟು ಚಪ್ಪಡಿ ಕಲ್ಲಿತ್ತು. ಮಡಕೆಯಲ್ಲಿ ಸುಟ್ಟ ತೆಂಗಿನ ಚಿಪ್ಪಿನ ಇದ್ದಲನ್ನು ಒಂದೊಂದೇ ಎತ್ತಿ ಆ ಕಲ್ಲಿನ ಮೇಲೆ ಬೀಳಿಸುವಳು. ಠಣ್ ಎಂದದ್ದು ಬಲಗಡೆಗೆ, ಟಪ್ ಎಂದದ್ದು ಎಡಗಡೆಗೆ. ಇನ್ನೂ ಕಂದು ಬಣ್ಣ ಬಿಡದ ಹಸಿಯದು ಬೆನ್ನ ಹಿಂದಕ್ಕೆ. ಬಲಗಡೆಯ ರಾಶಿ ಅಗ್ಗಿಷ್ಟಿಕೆಗೂ ಹಲ್ಲುಪುಡಿಗೂ ಆಗುತ್ತಿತ್ತು. ಎಡಗಡೆಯ ಅರೆಬೆಂದ ರಾಶಿ ಬಚ್ಚಲೊಲೆಗೆ ಹೋಗುತ್ತಿತ್ತು. ಹಿಂದಿನದು ಮುಂದಿನ ಸಲ ಮತ್ತೆ ಮಡಕೆಗೆ ಬೀಳುತ್ತಿತ್ತು. ಅವಳು ಒಂದು ಸಲವೂ ತಪ್ಪು ರಾಶಿಗೆ ಹಾಕಿದ್ದನ್ನು ನಾನು ಕಾಣೆ.

ನಮಗೆ ಇದ್ದಲು ಬರೀ ಒಲೆಯ ಸಾಮಾನಾಗಿರಲಿಲ್ಲ. ಬೇಯಿಸಿದ ಅನ್ನ ಹೊಸ್ತಿಲು ದಾಟಿ ಹೊರಗೆ ಹೋಗುವಾಗ ಅದರ ಮೇಲೊಂದು ಇದ್ದಲ ಚೂರು ಇಡಬೇಕು, ಇಲ್ಲದಿದ್ದರೆ ದಾರಿಯಲ್ಲಿ ಗಾಳಿ ಸೋಕುತ್ತದೆ ಎಂಬುದು ಅವ್ವನ ಖಾತ್ರಿ. ಅವಳ ತವರು ಯಳಂದೂರು. ನನಗೆ ಹತ್ತು ವರ್ಷವಾಗುವ ತನಕ ನಮ್ಮೂರಿರುವ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ ಸೇರಿತ್ತು. ಅವ್ವ ಬುತ್ತಿ ಕಟ್ಟಿಕೊಂಡು ತವರಿಗೆ ಹೋದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದ ಹಾಗೆ. 1956ರಲ್ಲಿ ಎರಡೂ ಒಂದಾದವು. ಅಪ್ಪ ಅದನ್ನು ದೊಡ್ಡ ಸುದ್ದಿಯಾಗಿ ಬಂದು ಹೇಳಿದರೂ ಅವ್ವ ಬುತ್ತಿಯ ಮೇಲೆ ಇದ್ದಲು ಇಡುವುದನ್ನು ನಿಲ್ಲಿಸಲಿಲ್ಲ. ಗಾಳಿಗೆ ರಾಜ್ಯದ ಗಡಿ ಗೊತ್ತಿರುವುದಿಲ್ಲ ಎಂದು ಅಪ್ಪ ಅವಳನ್ನು ರೇಗಿಸುತ್ತಿದ್ದ.

ನಾನು ಹುಟ್ಟಾ ಹಟಮಾರಿ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ, ಮುಂದಿನದೆಲ್ಲ ಆ ಹಟದಿಂದಲೇ ಆದದ್ದು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಒಂದು ದಿನ ಇಂಗಾಲದ ಪಾಠ ಮಾಡಿದರು. ಇಂಗಾಲ ಲೋಹವಲ್ಲ, ಆದರೂ ಅದರಲ್ಲಿ ವಿದ್ಯುತ್ತು ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದರು. ನಾಳೆ ಯಾರಾದರೂ ಮನೆಯಿಂದ ಇದ್ದಲು ತನ್ನಿ, ಟಾರ್ಚಿನ ಬಲ್ಬು ಹತ್ತಿಸಿ ತೋರಿಸುತ್ತೇನೆ ಅಂದರು. ಕೈ ಎತ್ತಿದವಳು ನಾನೇ. ಬೆಳಿಗ್ಗೆ ಗಡಿಬಿಡಿಯಲ್ಲಿ ಬಚ್ಚಲೊಲೆಯ ಪಕ್ಕದಿಂದ ಒಂದು ಚೂರು ಹಿಡಿದುಕೊಂಡು ಓಡಿದೆ.

ಬಲ್ಬು ಹತ್ತಲಿಲ್ಲ. ಮೇಷ್ಟ್ರು ತಂತಿಯನ್ನು ಒತ್ತಿ ಹಿಡಿದರು, ಸೆಲ್ಲು ಬದಲಾಯಿಸಿದರು, ಏನೂ ಆಗಲಿಲ್ಲ. ಕಡೆಗೆ ನಮ್ಮ ಮನೆಯ ಇದ್ದಲು ಸೋಮಾರಿ ಇದ್ದಲು ಎಂದು ತಮಾಷೆ ಮಾಡಿ ಮುಂದಿನ ಪಾಠಕ್ಕೆ ಹೋದರು. ತರಗತಿಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಅವ್ವನ ಬಲಗಡೆಯ ರಾಶಿಯಿಂದ ಠಣ್ ಎನ್ನುವ ದಪ್ಪ ಚೂರನ್ನು ಹುಡುಕಿ ತಂದು, ಕೇಳದೆ ಮೇಜಿನ ಮೇಲಿಟ್ಟೆ. ಬಲ್ಬು ಮಂಕಾಗಿ ಕೆಂಪಗೆ ಹತ್ತಿತು. ಎರಡೂ ಒಂದೇ ಮರದ ಚಿಪ್ಪು, ಎರಡೂ ಒಂದೇ ಮಡಕೆಯವು, ಎರಡೂ ಇಂಗಾಲವೇ. ಹಾಗಾದರೆ ಒಂದರಲ್ಲಿ ಏಕೆ ಹರಿಯಿತು, ಇನ್ನೊಂದರಲ್ಲಿ ಏಕೆ ಹರಿಯಲಿಲ್ಲ ಎಂದು ಕೇಳಿದೆ. ಪರೀಕ್ಷೆಗೆ ಅದು ಬರುವುದಿಲ್ಲ, ಕೂತುಕೋ ಅಂದರು. ಕೂತುಕೊಂಡೆ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮೈಸೂರಿಗೆ ಹೋದೆ, ಹಾಸ್ಟೆಲಿನಲ್ಲಿದ್ದು ಭೌತಶಾಸ್ತ್ರ ಓದಿದೆ. ಎಂ.ಎಸ್ಸಿ. ಆದ ಮೇಲೆ ಹನೂರಿನಲ್ಲಿ ಹೈಸ್ಕೂಲು ಟೀಚರಾದೆ. ಇಂಗಾಲದ ಪಾಠ ಬಂದಾಗಲೆಲ್ಲ ಎರಡು ಇದ್ದಲು ಹಿಡಿದುಕೊಂಡು ತರಗತಿಗೆ ಹೋಗುತ್ತಿದ್ದೆ, ಒಂದು ಬಲ್ಬು ಹತ್ತಿಸುವುದು, ಒಂದು ಹತ್ತಿಸದಿರುವುದು. ರಾಮಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ನಾನು ಅಂದು ಕೇಳಿದ್ದನ್ನೇ ಕೇಳಿದಳು. ನಾನು ಚೆನ್ನಾಗಿ ಬೆಂದದ್ದು ಅದು, ಅರೆಬೆಂದದ್ದು ಇದು ಎಂದು ಅವ್ವನ ಮಾತನ್ನೇ ಒಪ್ಪಿಸಿದೆ. ಬೆಂದರೆ ಒಳಗೆ ಏನಾಗುತ್ತದೆ ಮಿಸ್ ಎಂದು ಅವಳು ಬಿಡದೆ ಕೇಳಿದಳು. ನನಗೆ ಗೊತ್ತಿಲ್ಲ ಎಂದು ಹೇಳಿ ಮನೆಗೆ ಬಂದು, ಅದೇ ವಾರ ಸಂಶೋಧನೆ ಮಾಡಲು ಎರಡು ವರ್ಷದ ರಜೆಗೆ ಅರ್ಜಿ ಬರೆದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮೈಸೂರಿನ ಭೌತಶಾಸ್ತ್ರ ವಿಭಾಗದಲ್ಲಿ ನನಗೆ ಸಿಕ್ಕ ಗೈಡು ಮಾತು ಕಡಿಮೆಯ ಮನುಷ್ಯ. ಹೊಗಳುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಆದರೆ ನನ್ನ ಪ್ರಶ್ನೆಗೆ ಉತ್ತರ ಇದೆ ಎಂದು ಮೊದಲ ಬಾರಿಗೆ ಹೇಳಿದವರು ಅವರೇ. ಹೊರದೇಶಗಳಲ್ಲಿ ಅದರ ಮೇಲೆ ಕೆಲಸ ನಡೆಯುತ್ತಿದೆ ಎಂದು ಒಂದು ಕಟ್ಟು ಕಾಗದ ಕೊಟ್ಟರು. ಓದುತ್ತಾ ಓದುತ್ತಾ ನನಗೆ ಅವ್ವನ ಮಡಕೆಯ ಒಳಗೆ ಇಣುಕಿದ ಹಾಗಾಯಿತು.

ವಿಷಯ ಕಷ್ಟದ್ದೇನಲ್ಲ. ಚೆನ್ನಾಗಿ ಬೆಂದ ಇಂಗಾಲದಲ್ಲಿ ಪರಮಾಣುಗಳು ಆರಾರು ಮೂಲೆಯ ಕಣ್ಣುಗಳಿರುವ ಬಲೆಯಾಗಿ ಹರಡಿಕೊಂಡಿರುತ್ತವೆ. ಒಂದೊಂದು ಪರಮಾಣುವೂ ಮೂರು ನೆರೆಯವರನ್ನು ಹಿಡಿದುಕೊಂಡಿರುತ್ತದೆ. ಹಿಡಿಯುವುದಕ್ಕೆ ಬಳಸದೆ ಉಳಿದ ನಾಲ್ಕನೆಯ ಎಲೆಕ್ಟ್ರಾನು ಇಡೀ ಬಲೆಗೆ ಸೇರಿದ್ದು. ಅದು ಬಲೆಯ ಉದ್ದಗಲಕ್ಕೆ ಓಡಾಡುತ್ತದೆ, ವಿದ್ಯುತ್ತು ಹರಿಯುವುದು ಅದರಿಂದಲೇ. ಅರೆಬೆಂದ ಇದ್ದಲಿನಲ್ಲಿ ಈ ಬಲೆಗಳು ಚಿಕ್ಕವು, ಹರಿದವು, ಅಲ್ಲಲ್ಲಿ ಪರಮಾಣುವೇ ಇಲ್ಲದ ತೂತುಗಳಿರುವಂಥವು. ಎಲೆಕ್ಟ್ರಾನು ಒಂದು ಚೂರಿನಿಂದ ಇನ್ನೊಂದಕ್ಕೆ ದಾಟಲಾರದೆ ನಿಂತುಬಿಡುತ್ತದೆ. ಬಲ್ಬು ಹತ್ತದೆ ಹೋದದ್ದು ಅದಕ್ಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತೂತುಗಳು. ಕೊಳ್ಳೇಗಾಲದ ರೇಷ್ಮೆ ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದರೆ ನೇಯುವವರಿಗೆ ತಕ್ಷಣ ಗೊತ್ತಾಗುತ್ತದೆ, ಕಡಿದ ತುದಿ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಇಂಗಾಲದಲ್ಲೂ ಅಷ್ಟೆ. ಒಂದು ಪರಮಾಣು ಇಲ್ಲವಾದ ಕಡೆ ಅದರ ನೆರೆಯವರ ಬಳಿ ಜೊತೆಯಿಲ್ಲದ ಎಲೆಕ್ಟ್ರಾನು ಉಳಿಯುತ್ತದೆ. ಜೋಡಿಯಾಗಿರುವ ಎಲೆಕ್ಟ್ರಾನುಗಳು ಒಂದರ ಕಾಂತಗುಣವನ್ನು ಇನ್ನೊಂದು ಅಳಿಸಿಹಾಕುತ್ತವೆ. ಒಂಟಿಯಾದದ್ದು ಮಾತ್ರ ಒಂದು ಪುಟ್ಟ ಅಯಸ್ಕಾಂತ. ಜೋಡಿಯಾದವಷ್ಟೇ ಇರುವ ವಸ್ತುವನ್ನು ಅಯಸ್ಕಾಂತ ಮೆಲ್ಲಗೆ ತಳ್ಳುತ್ತದೆ. ಅಂದರೆ ಪೂರ್ತಿ ಬೆಂದ ಇದ್ದಲು ಅಯಸ್ಕಾಂತದಿಂದ ತುಸು ದೂರ ಸರಿಯಬೇಕು. ಅರೆಬೆಂದದ್ದರಲ್ಲಿ ಒಂಟಿ ಎಲೆಕ್ಟ್ರಾನುಗಳ ಸೆಳೆತ ಕಾಣಬೇಕು. ಅವ್ವ ಬಚ್ಚಲೊಲೆಗೆ ಹಾಕುತ್ತಿದ್ದ ರಾಶಿಗೆ ಬಲ್ಬು ಹತ್ತಿಸುವ ಶಕ್ತಿ ಇಲ್ಲದಿದ್ದರೂ ಅಯಸ್ಕಾಂತದ ಗುಣ ಇದೆ ಎಂದು ತೋರಿಸಬೇಕು. ನಾನು ಕೈ ಹಾಕಿದ ಕೆಲಸ ಇಷ್ಟೆ.

ಗೈಡು ಒಪ್ಪಿದರು, ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇದ್ದಲಿನಲ್ಲಿ ಅಯಸ್ಕಾಂತದ ಗುಣ ಕಂಡರೆ ಮೊದಲು ಕಬ್ಬಿಣ ಹುಡುಕಬೇಕು, ಕಣ್ಣಿಗೆ ಕಾಣದಷ್ಟು ಕಬ್ಬಿಣ ಬೆರೆತಿದ್ದರೂ ಸಾಕು, ನೀವು ಅಳೆಯುವುದೆಲ್ಲ ಅದನ್ನೇ ಆಗಿರುತ್ತದೆ ಅಂದರು. ವಿಭಾಗದ ವಿದ್ಯುತ್ ಕುಲುಮೆಯಲ್ಲಿ ಮಾದರಿ ಸುಡಬಹುದಿತ್ತು. ಆದರೆ ಅದಕ್ಕೆ ಹತ್ತು ಜನ ಕಾದಿದ್ದರು, ನನಗೆ ತಾಳ್ಮೆ ಇರಲಿಲ್ಲ. ಜೊತೆಗೆ ಅವ್ವನ ಇದ್ದಲೇ ಆಗಬೇಕು ಎಂಬ ಹಟ ಬೇರೆ. ಸೋಮಾರಿ ಇದ್ದಲು ಅನಿಸಿಕೊಂಡ ಮನೆಯ ಹೆಸರನ್ನು ಅದೇ ಇದ್ದಲಿನಿಂದ ಎತ್ತಿಹಿಡಿಯಬೇಕಿತ್ತು. ಮೂವತ್ತರ ಹತ್ತಿರ ಬಂದಿದ್ದರೂ ನನಗೆ ಆ ಸಿಟ್ಟು ಆರಿರಲಿಲ್ಲ.

ಅವ್ವನಿಗೆ ಹೇಳಿ ಕಳಿಸಿದೆ. ಅವಳು ಸುಟ್ಟು, ಕಿವಿಯಿಂದ ಆರಿಸಿ, ಮೂರು ಗಂಟು ಕಟ್ಟಿ ಅಪ್ಪನ ಕೈಲಿ ಬಸ್ಸಿಗೆ ಕಳಿಸಿದಳು. ನಾನು ಅವನ್ನು ಕಲ್ಲಿನ ಒರಳಿನಲ್ಲಿ ಪುಡಿ ಮಾಡಿ, ಗಾಜಿನ ಕೊಳವೆಗೆ ತುಂಬಿ, ಎರಡೂ ಕಡೆಯಿಂದ ಹಿತ್ತಾಳೆಯ ಕಡ್ಡಿ ಒತ್ತಿ ವಿದ್ಯುತ್ ತಡೆ ಅಳೆದೆ. ಬಲಗಡೆಯ ಗಂಟಿನಲ್ಲಿ ಸರಾಗವಾಗಿ ಹರಿಯಿತು. ಎಡಗಡೆಯದರಲ್ಲಿ ಮುಳ್ಳು ಅಲುಗಿದ್ದೇ ದೊಡ್ಡದು. ಹಸಿಯದರಲ್ಲಿ ಅದೂ ಇಲ್ಲ. ಎಲ್ಲಿಯೂ ಅಡ್ಡಾದಿಡ್ಡಿ ಇಲ್ಲ. ಅವ್ವನ ಕಿವಿ ಮೀಟರಿನಷ್ಟೇ ಖಚಿತವಾಗಿತ್ತು. ಗೈಡು ಆ ಪಟ್ಟಿಯನ್ನು ಎರಡು ಸಲ ಓದಿ, ಆರಿಸಿದವರು ಯಾರು ಎಂದು ಕೇಳಿದರು. ನಮ್ಮ ತಾಯಿ ಅಂದೆ. ಹೂಂ ಅಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು.

ಆಮೇಲೆ ಅಯಸ್ಕಾಂತದ ಸರದಿ. ಪುಡಿ ತುಂಬಿದ ಕೊಳವೆಯನ್ನು ತಕ್ಕಡಿಯ ಒಂದು ತಟ್ಟೆಯಿಂದ ಇಳಿಬಿಟ್ಟು, ವಿದ್ಯುತ್ಕಾಂತದ ಎರಡು ಮುಖಗಳ ನಡುವೆ ತೂಗಬೇಕು. ಕರೆಂಟು ಕೊಟ್ಟಾಗ ಕೊಳವೆ ಭಾರವಾದರೆ ಸೆಳೆತ ಇದೆ, ಹಗುರವಾದರೆ ದೂರ ತಳ್ಳುತ್ತಿದೆ ಎಂದು ಅರ್ಥ. ಎಡಗಡೆಯ ಗಂಟಿನದು ಭಾರವಾಯಿತು. ನಾನು ಕುರ್ಚಿಯಿಂದ ಎದ್ದೇ ನಿಂತೆ. ಆಮೇಲೆ ಬಲಗಡೆಯದನ್ನು ತೂಗಿದೆ. ಹಗುರವಾಗಬೇಕಾದ ಅದೂ ಭಾರವಾಯಿತು. ಹಸಿಯದೂ ಭಾರವಾಯಿತು. ಮೂರೂ ಸೆಳೆದವು, ಅದೂ ಬೇಕಾದದ್ದಕ್ಕಿಂತ ಬಹಳ ಜೋರಾಗಿ.

ಗೈಡು ಅಯಸ್ಕಾಂತದ ಬಲವನ್ನು ಎರಡು ಪಟ್ಟು ಮಾಡಿ ತೂಗಿ ಎಂದರು. ಒಂಟಿ ಎಲೆಕ್ಟ್ರಾನುಗಳಾದರೆ ಸೆಳೆತ ನಾಲ್ಕು ಪಟ್ಟಾಗಬೇಕು. ಕಬ್ಬಿಣವಾದರೆ ಅದು ಬೇಗ ಹೊಟ್ಟೆ ತುಂಬಿಸಿಕೊಂಡುಬಿಡುತ್ತದೆ, ಅಷ್ಟು ಏರುವುದಿಲ್ಲ. ನನ್ನದು ಎರಡೂವರೆ ಪಟ್ಟಿಗೆ ನಿಂತಿತು. ಕಬ್ಬಿಣ ಅಂದರು ಗೈಡು. ಪುಡಿಯನ್ನು ಆಮ್ಲದಲ್ಲಿ ನೆನೆಸಿ ತೊಳೆದೆ, ತೊಳೆದು ತೊಳೆದು ಬೆರಳಿನ ಚರ್ಮ ಸುಲಿಯಿತು. ಸೆಳೆತ ಕಡಿಮೆಯಾಯಿತು, ಹೋಗಲಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಒಂಟಿ ಎಲೆಕ್ಟ್ರಾನುಗಳನ್ನೇ ಗುರುತಿಸುವ ಯಂತ್ರ ಬಂದಿತ್ತು. ಅಲ್ಲಿಗೂ ಒಯ್ದೆ. ನಾವು ಹುಡುಕುತ್ತಿದ್ದ ಗುರುತು ಕಾಗದದ ಮೇಲೆ ಚೂಪಾದ ಸಣ್ಣ ಗೆರೆಯಾಗಿ ಬರಬೇಕಿತ್ತು. ಬಂದದ್ದು ಕಬ್ಬಿಣದ ಅಗಲವಾದ ದಿಬ್ಬ, ಇದ್ದಬದ್ದದ್ದನ್ನೆಲ್ಲ ಮುಚ್ಚಿಹಾಕಿತ್ತು.

ಅಷ್ಟು ಹೊತ್ತಿಗೆ ನನ್ನ ರಜೆ ಮುಗಿಯುವುದಕ್ಕೆ ನಾಲ್ಕು ತಿಂಗಳು ಉಳಿದಿತ್ತು. ಹನೂರಿನ ಶಾಲೆಯಿಂದ, ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಕಾಗದ ಬಂತು. ಗೈಡು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ವಿದ್ಯುತ್ತಿನ ಭಾಗ ಚೆನ್ನಾಗಿದೆ, ಅಷ್ಟನ್ನೇ ಚಿಕ್ಕದಾಗಿ ಬರೆದು ಮುಗಿಸಿ, ಅಯಸ್ಕಾಂತದ ಭಾಗ ಬಿಟ್ಟುಬಿಡಿ. ನಾನು ಆಗುವುದಿಲ್ಲ ಅಂದೆ. ಬೆಂಗಳೂರಿನ ಯಂತ್ರದ ಮೇಲೆ ಇನ್ನೊಂದೇ ಒಂದು ದಿನ ಸಿಗುತ್ತದೆ, ಅದಕ್ಕೂ ಕಬ್ಬಿಣವನ್ನೇ ತಂದರೆ ಮತ್ತೆ ಕೇಳಬೇಡಿ ಎಂದರು. ಸರಿ ಅಂದೆ.

ಈ ಸಲ ಮೊದಲಿನಿಂದ ಕೊನೆಯ ತನಕ ನಾನೇ ನಿಂತು ಮಾಡಿಸಬೇಕು ಎಂದು ಊರಿಗೆ ಹೋದೆ. ಕಬ್ಬಿಣ ಎಲ್ಲಿಂದ ಬಂದಿರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಕಾಯಿ ಒಡೆಯುವ ಕುಡುಗೋಲು ಕಬ್ಬಿಣ, ತುರಿಯುವ ಮಣೆಯ ಹಲ್ಲು ಕಬ್ಬಿಣ, ಮಡಕೆಯ ಕೆಮ್ಮಣ್ಣಿನಲ್ಲೂ ಕಬ್ಬಿಣ. ಆದ್ದರಿಂದ ಅಟ್ಟದ ಮೇಲೆ ಒಣಗಿ ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತಿದ್ದ ಕಾಯಿಗಳನ್ನೇ ಆರಿಸಿದೆ. ನಾರನ್ನು ಕೈಯಲ್ಲೇ ಕಿತ್ತೆ, ಉಗುರು ಕಿತ್ತುಬಂತು. ಕಲ್ಲಿನಿಂದ ಒಡೆದೆ. ಕೊಬ್ಬರಿ ತಾನಾಗಿ ಬಿಟ್ಟುಕೊಂಡಿತು. ಮಡಕೆಗೆ ತಾಗುವ ಚಿಪ್ಪುಗಳನ್ನು ಕೊನೆಗೆ ಎಸೆದು ನಡುವಿನವನ್ನು ಮಾತ್ರ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದೆ. ಅವ್ವ ಇದನ್ನೆಲ್ಲ ನೋಡುತ್ತಾ, ಮೈಸೂರಿಗೆ ಹೋಗಿ ಕಾಯಿ ಒಡೆಯುವುದನ್ನೂ ಮರೆತಳು ಎಂದು ಅಪ್ಪನ ಹತ್ತಿರ ನಗೆಯಾಡಿದಳು.

ಹಿತ್ತಲಿನ ಗುಂಡಿಯಲ್ಲಿ ಮಡಕೆ ಕೂರಿಸಿ ಸುತ್ತಲೂ ಬೆರಣಿ ಒಟ್ಟಿದೆವು. ಅವ್ವ ಮುಚ್ಚಳದ ಅಂಚಿಗೆ ಮೆತ್ತಲು ಜೇಡಿಮಣ್ಣು ಕಲಸಿಟ್ಟುಕೊಂಡಳು. ಹೊಗೆ ಹೋಗಲು ಕಿರುಬೆರಳಿನಷ್ಟು ತೂತು ಬಿಟ್ಟು ಉಳಿದದ್ದನ್ನು ಮೆತ್ತುವುದು ರೂಢಿ. ಗಾಳಿ ಹೊಕ್ಕರೆ ಎಲ್ಲ ಬೂದಿಯಾಗುತ್ತದೆ. ಮುಚ್ಚಳ ಇಡುವ ಮುನ್ನ ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಏನನ್ನೋ ತೆಗೆದಳು, ಕಣ್ಣು ಮುಚ್ಚಿ ಬಾಯಲ್ಲೇ ಏನೋ ಅಂದುಕೊಂಡು ಚಿಪ್ಪುಗಳ ನಡುವೆ ಇಳಿಬಿಟ್ಟಳು. ನಾನು ಕೈ ಹಾಕಿ ತೆಗೆದೆ. ಮುರಿದ ಕುಡುಗೋಲಿನ ತುದಿ. ಬೆರಳುದ್ದ ಇತ್ತು, ಸುಟ್ಟೂ ಸುಟ್ಟೂ ಕಪ್ಪಾಗಿ, ಅಂಚು ತುಕ್ಕು ಹಿಡಿದು ಉದುರುತ್ತಿತ್ತು.

ಇದೇನು ಎಂದು ಕೇಳಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಏನೂ ಆಗದವಳ ಹಾಗೆ ಹೇಳಿದಳು.

“ಅದು ಮಡ್ಕೆ ಕಾಯ್ತದ ಕಣ್ ಮಗ. ಓದ್ಸತಿನೂ ಆಕಿದ್ದೆ. ನಿನ್ ಕೆಲ್ಸಕ್ಕೆ ಯಾರ ಕಣ್ಣೂ ಬೀಳ್ದೆ ಇರ್ಲಿ ಅಂತ.”

ಹೋದ ಸಲವೂ ಹಾಕಿದ್ದಳು, ಸುಟ್ಟ ಮೇಲೆ ತೆಗೆದು ಸೆರಗಿಗೆ ಕಟ್ಟಿಕೊಂಡು ಇದ್ದಲನ್ನು ಮಾತ್ರ ಕಳಿಸಿದ್ದಳು. ನನಗೆ ಒಂದೇ ಗಳಿಗೆಯಲ್ಲಿ ಎಲ್ಲವೂ ತಿಳಿಯಿತು. ಚಿಪ್ಪು ಕಾಯುವಾಗ ಹೊಗೆಯ ಜೊತೆ ಹುಳಿಯಾದ ರಸ ಬರುತ್ತದೆ. ಆ ರಸ ತುಕ್ಕನ್ನು ಕರಗಿಸಿಕೊಂಡು ಇದ್ದಲಿನ ತೂತುತೂತಿಗೂ ಇಳಿದಿದೆ, ಬೆಂಕಿ ಅದನ್ನು ಅಲ್ಲೇ ಕೂರಿಸಿದೆ. ಆಮ್ಲದಲ್ಲಿ ತೊಳೆದರೆ ಎಲ್ಲಿ ಹೋಗಬೇಕು? ನಾನು ಕುಡುಗೋಲನ್ನು, ತುರಿಮಣೆಯನ್ನು, ಮಣ್ಣನ್ನು ಅನುಮಾನಿಸಿದ್ದೆ. ಇದನ್ನು ಯಾವ ಪುಸ್ತಕ ಓದಿದ್ದರೂ ಊಹಿಸುತ್ತಿರಲಿಲ್ಲ.

ನನಗೆ ಬಂದ ಕೋಪವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಈ ಚೂರು ಕಬ್ಬಿಣದಿಂದ ನನ್ನ ಎರಡು ವರ್ಷ ಮಣ್ಣುಪಾಲಾಯಿತು, ನಿನ್ನ ಕಂದಾಚಾರಕ್ಕೆ ನನ್ನ ಬದುಕೇ ಬೇಕಾಗಿತ್ತೇ ಎಂದು ಕೂಗಾಡಿದೆ. ಅದನ್ನು ಬಿಸಾಡು ಅಂದೆ. ಅವ್ವ ಬಿಸಾಡಲಿಲ್ಲ. ಇದು ಇಲ್ಲದೆ ಬೆಂಕಿ ಹಚ್ಚುವುದಿಲ್ಲ ಎಂದು ಗುಂಡಿಯ ಪಕ್ಕ ಕೂತುಬಿಟ್ಟಳು. ನನ್ನ ಹಟ ಎಲ್ಲಿಂದ ಬಂದದ್ದು ಎಂದು ಆಗ ಕಣ್ಣಾರೆ ಕಂಡೆ. ಆಮೇಲೆ ಅವಳು ನನ್ನ ಮುಖ ನೋಡದೆ, ಕೈಯಲ್ಲಿದ್ದ ಆ ತುದಿಯನ್ನು ನೋಡುತ್ತಾ ಹೇಳಿದಳು.

“ನಿನ್ಗಿಂತ ಮುಂಚೆ ಎರಡು ಉಟ್ಟಿದ್ವು, ಗೊತ್ತಲ್ಲ. ಆಗ ನಿಮ್ಮಜ್ಜಿ ಚಾಪೆ ಅಡಿಗೆ ಇದ ಮಡುಗು ಅಂತ ಏಳುದ್ರೂ ನಾ ಮಡಗ್ನಿಲ್ಲ. ಏನಾದದು ಅಂದ್ಕಂಡೆ. ಒಂದು ಒಂಬತ್ತು ದಿನ ಇತ್ತು, ಇನ್ನೊಂದು ಮೂರು ತಿಂಗ್ಳು. ನೀ ಉಟ್ದಾಗ ಮಡುಗ್ದೆ. ನೀ ಉಳ್ಕಂಡೆ.”

ನನಗಿಂತ ಮೊದಲು ಎರಡು ಮಕ್ಕಳು ಹುಟ್ಟಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಊರಲ್ಲಿ ಅಂಥದ್ದು ಇಲ್ಲದ ಮನೆ ಕಡಿಮೆ. ಅವ್ವ ಅದರ ಬಗ್ಗೆ ಮಾತಾಡಿದ್ದನ್ನು ಮಾತ್ರ ಕೇಳಿರಲಿಲ್ಲ. ಬಾಣಂತಿಯ ಚಾಪೆಯ ಅಡಿ ಕಬ್ಬಿಣ ಇಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಅದನ್ನು ಇಡದೆ ಹೋದೆ ಎಂದು ಒಬ್ಬಳು ಮೂವತ್ತು ವರ್ಷ ತನ್ನನ್ನೇ ದೂರಿಕೊಂಡು ಬದುಕಿದ್ದಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. ಅಂಥವಳ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಆದರೂ ನನ್ನ ಮಾತು ಬಿಡಲಿಲ್ಲ. ಅವಳ ಪಕ್ಕ ಕೂತು, ಅವ್ವ, ಈ ಕೆಲಸದಲ್ಲಿ ಕಬ್ಬಿಣ ಬಂದರೆ ಕಬ್ಬಿಣದ್ದೇ ಮಾತು ಕೇಳಿಸುತ್ತದೆ, ಇದ್ದಲಿನ ಮಾತು ಕೇಳಿಸುವುದಿಲ್ಲ, ನನಗೆ ಇದ್ದಲಿನ ಮಾತು ಬೇಕು ಎಂದು ಹೇಳಿದೆ. ಕಿವಿಯಿಂದ ಇದ್ದಲು ನೋಡುವವಳಿಗೆ ಬೇರೆ ಹೇಗೆ ಹೇಳಬೇಕೋ ನನಗೆ ತೋಚಲಿಲ್ಲ.

ಅವಳು ಆ ತುದಿಯನ್ನು ಸೆರಗಿಗೆ ಕಟ್ಟಿಕೊಂಡು ಸೊಂಟಕ್ಕೆ ಬಿಗಿದಳು. ಮಡಕೆಯ ಹೊರಮೈಗೆ ವಿಭೂತಿಯ ಮೂರು ಗೆರೆ ಎಳೆದಳು. ಹೊರಗೆ ತಾನೆ ಎಂದು ನಾನು ಸುಮ್ಮನಿದ್ದೆ. ಬೆಂಕಿ ಹಚ್ಚಿದವಳು ಅವಳೇ. ಹೊಗೆ ಮೊದಲು ಬೆಳ್ಳಗೆ, ಆಮೇಲೆ ಹಳದಿಯಾಗಿ, ಮಧ್ಯಾಹ್ನದ ಹೊತ್ತಿಗೆ ತೆಳ್ಳಗೆ ನೀಲಿಯಾಗಿ ಬಂತು. ಅಷ್ಟೂ ಹೊತ್ತು ಅವಳು ಊಟಕ್ಕೂ ಏಳದೆ ಗುಂಡಿಯ ಪಕ್ಕದಲ್ಲೇ ಕೂತಿದ್ದಳು. ಕಬ್ಬಿಣ ಮಾಡಬೇಕಿದ್ದ ಕಾವಲನ್ನು ತಾನೇ ಮಾಡುತ್ತಿದ್ದಳು. ಹೊಗೆ ನಿಲ್ಲುವ ಹೊತ್ತಿಗೆ ತೂತಿಗೆ ಮಣ್ಣು ಮೆತ್ತಿ ಕೈ ತೊಳೆದಳು.

ಮಡಕೆ ಪೂರ್ತಿ ತಣ್ಣಗಾದ ಮೇಲೆ ಮಾರನೆಯ ದಿನ ತೆರೆದೆವು. ಅವ್ವ ನಡುವಿನ ಚಿಪ್ಪುಗಳನ್ನು ಕಲ್ಲಿನ ಮೇಲೆ ಬೀಳಿಸಿ ಮೂರು ರಾಶಿ ಮಾಡಿದಳು. ನಾನು ಅವನ್ನು ಗಾಜಿನ ಶೀಸೆಗಳಿಗೆ ತುಂಬಿ ಮೈಸೂರಿಗೆ ತಂದೆ. ತಕ್ಕಡಿಯಲ್ಲಿ ತೂಗಿದಾಗ ಬಲಗಡೆಯದು ಮೊದಲ ಸಲ ಹಗುರವಾಯಿತು. ಎಡಗಡೆಯದರಲ್ಲಿ ಸೆಳೆತ ಬಹಳ ಸಣ್ಣದು, ಆದರೆ ಅಯಸ್ಕಾಂತವನ್ನು ಎರಡು ಪಟ್ಟು ಮಾಡಿದಾಗ ನಾಲ್ಕು ಪಟ್ಟಾಯಿತು. ಗೈಡು ತಾವೇ ಕೂತು ಇನ್ನೊಮ್ಮೆ ತೂಗಿ ನೋಡಿದರು. ತೀರ್ಮಾನ ಬೆಂಗಳೂರಿನಲ್ಲಿ ಆಗಲಿ ಅಂದರು.

ಬೆಂಗಳೂರಿಗೆ ಇಬ್ಬರೂ ಹೋದೆವು. ಪುಡಿಯನ್ನು ಕಿರಿದಾದ ಕೊಳವೆಗೆ ಹಾಕಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ಯಂತ್ರದಲ್ಲಿಟ್ಟರು. ಮೊದಲು ಬಲಗಡೆಯ ರಾಶಿ. ಕಾಗದದ ಮೇಲೆ ಪೆನ್ನು ನೆಟ್ಟಗೆ ಗೆರೆ ಎಳೆಯುತ್ತಾ ಹೋಯಿತು, ಏನೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಹಸಿಯ ರಾಶಿ. ಒಂದು ಸಣ್ಣ ಅಲುಗಾಟ. ಆಮೇಲೆ ಎಡಗಡೆಯದು. ಪೆನ್ನು ಒಮ್ಮೆಲೇ ಮೇಲಕ್ಕೆ ಹಾರಿ, ಕೆಳಕ್ಕೆ ಇಳಿದು, ಮತ್ತೆ ನೇರವಾಯಿತು. ಚೂಪಾದ ಒಂದೇ ಒಂದು ಗೆರೆ. ದಿಬ್ಬ ಎಲ್ಲೂ ಇರಲಿಲ್ಲ.

ಗೈಡಿಗೆ ಅಷ್ಟು ಸಾಲಲಿಲ್ಲ. ಕೊಳವೆಗೆ ಗಾಳಿ ಬಿಡಿ ಅಂದರು. ಗಾಳಿಯ ಆಮ್ಲಜನಕಕ್ಕೂ ತನ್ನದೇ ಕಾಂತಗುಣ ಇದೆ. ಇದ್ದಲಿನ ಒಂಟಿ ಎಲೆಕ್ಟ್ರಾನುಗಳ ಹತ್ತಿರ ಬಂದರೆ ಅವುಗಳ ಗುರುತನ್ನು ಅದು ಕದಡಿಬಿಡುತ್ತದೆ. ಕಬ್ಬಿಣವಾದರೆ ಗಾಳಿಯ ಗೊಡವೆ ಇರುವುದಿಲ್ಲ. ಗಾಳಿ ಬಿಟ್ಟರು. ಗೆರೆ ಅಗಲವಾಗಿ, ಕುಗ್ಗಿ, ಕಾಣದಾಯಿತು. ಮತ್ತೆ ಪಂಪು ಹಾಕಿದರು. ಪೆನ್ನು ಸ್ವಲ್ಪ ಹೊತ್ತು ಸುಮ್ಮನೆ ಹೋಯಿತು, ಆಮೇಲೆ ಹಾರಿತು. ಅದೇ ಗೆರೆ, ಅದೇ ಜಾಗದಲ್ಲಿ. ಮೂರು ಸಲ ಹೀಗೆ ಮಾಡಿದೆವು, ಮೂರು ಸಲವೂ ಹೋಗಿ ಬಂತು.

“ಇದು ಕಬ್ಬಿಣವಲ್ಲಮ್ಮ” ಅಂದರು ಗೈಡು.

ನಾನು ಹನೂರಿಗೆ ಕಾಗದ ಬರೆದು 'ಇನ್ನೊಂದು ವರ್ಷ' ಎಂದು ಕೇಳಿದೆ, ಕೊಟ್ಟರು. ಪ್ರಬಂಧ ಬರೆಯುವಾಗ ಮೊದಲ ಸಲದ ಕಬ್ಬಿಣ ಎಲ್ಲಿಂದ ಬಂತು ಎಂದು ವಿವರಿಸಬೇಕಾಯಿತು. ತಯಾರಿಸಿದವರ ಅಜಾಗರೂಕತೆ ಎಂದು ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಅವಳು ಅಜಾಗರೂಕಳಾಗಿರಲಿಲ್ಲ, ಇದ್ದ ಎಚ್ಚರಿಕೆಯನ್ನೆಲ್ಲ ಆ ಮಡಕೆಗೆ ಹಾಕಿದ್ದಳು. ಸುಡುವಾಗ ಮಡಕೆಯಲ್ಲಿ ಏನೇನಿದೆ ಎಂದು ನಾನು ಕೇಳಲಿಲ್ಲ, ಅದು ನನ್ನ ತಪ್ಪು ಎಂದು ಬರೆದೆ. ಗೈಡು ಅದನ್ನು ಓದಿ ಹಾಗೇ ಬಿಟ್ಟರು.

ಇದಕ್ಕೆಲ್ಲ ಮೊದಲು, ಬೆಂಗಳೂರಿನಿಂದ ನಾನು ನೇರ ಊರಿಗೆ ಹೋಗಿದ್ದೆ. ಅವ್ವ ಹಿತ್ತಲ ಕಲ್ಲಿನ ಮುಂದೆ ಇದ್ದಲು ಆರಿಸುತ್ತಾ ಕೂತಿದ್ದಳು. ನೀನು ಬಚ್ಚಲೊಲೆಗೆ ಹಾಕುವ ರಾಶಿಯೇ ಗೆದ್ದಿತು ಎಂದು ಹೇಳಿ, ಆ ಗೆರೆಯ ಕಾಗದ ತೋರಿಸಿದೆ. ಅವಳು ಮಸಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದವನ್ನು ಹತ್ತಿರ ಹಿಡಿದು ನೋಡಿದಳು. ಗೆರೆಯ ಬಗ್ಗೆ ಏನೂ ಕೇಳಲಿಲ್ಲ.

“ಕಬ್ಬಣ ಇಲ್ದೇನೂ ಆಯ್ತು ಅನ್ನು.”

“ಆಯ್ತು ಅವ್ವ.”

ಅವಳು ಕಾಗದವನ್ನು ಹಿಂದಕ್ಕೆ ಕೊಟ್ಟು ಒಂದು ಚಿಪ್ಪು ಎತ್ತಿಕೊಂಡಳು, ಕಲ್ಲಿನ ಮೇಲೆ ಬೀಳಿಸದೆ ಹಾಗೇ ಹಿಡಿದುಕೊಂಡಳು.

“ಅಂಗಾರೆ ಆ ಎರಡೂವೆ, ನಾ ಇದ ಮಡಗ್ನಿಲ್ಲ ಅಂತ ಓಗ್ನಿಲ್ವಾ ಮಗ?”

ನಾನು ಎರಡು ವರ್ಷ ಕಲಿತದ್ದು ಒಂದೇ ವಿದ್ಯೆ, ಅಳೆಯದೆ ಇದ್ದುದನ್ನು ಹೇಳಬಾರದು ಎಂಬುದು. ನನ್ನ ತಕ್ಕಡಿಯಾಗಲಿ, ಬೆಂಗಳೂರಿನ ಯಂತ್ರವಾಗಲಿ ಆ ಎರಡು ಮಕ್ಕಳ ಬಗ್ಗೆ ಏನನ್ನೂ ಹೇಳಿರಲಿಲ್ಲ. ತೆಂಗಿನ ಚಿಪ್ಪಿನ ಬಗ್ಗೆ ಮಾತ್ರ ಹೇಳಿದ್ದವು.

“ಇಲ್ಲ ಅವ್ವ,” ಅಂದೆ. “ಅದಕ್ಕೆ ಹೋಗಲಿಲ್ಲ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಅವಳು ಕೈಯಲ್ಲಿದ್ದ ಚಿಪ್ಪನ್ನು ಕಲ್ಲಿನ ಮೇಲೆ ಬೀಳಿಸಿದಳು. ಟಪ್ ಅಂದಿತು. ಅದನ್ನು ಎಡಗಡೆಗೆ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಚಿಪ್ಪು ಎತ್ತಿಕೊಂಡಳು.